ನಾಲ್ಕು ಭಾಷೆ ದಾಟಿ ಬಂದ ಮಾತು

ಅಮೆರಿಕದ ಒಂದು ಡಾಲರ್ ನಾಣ್ಯದ ಮೇಲೆ ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸೊಬ್ಬಳಿದ್ದಾಳೆ. ಲೂಯಿಸ್ ಮತ್ತು ಕ್ಲಾರ್ಕ್ ತಂಡಕ್ಕೆ ದಾರಿ ತೋರಿಸಿದವಳೆಂದೇ ಶೋಶೋನಿ ಬುಡಕಟ್ಟಿನ ಸಕಾಗವಿಯ ಪ್ರಸಿದ್ಧಳು. ಅದು ಪೂರಾ ಸುಳ್ಳಲ್ಲ. 1806ರ ಜುಲೈನಲ್ಲಿ, ಮರಳುವ ಹಾದಿಯಲ್ಲಿ, ಈಗಿನ ಮೊಂಟಾನಾದ ಬೋಜ್‌ಮನ್ ಘಾಟಿಯನ್ನು ಕ್ಲಾರ್ಕ್‌ಗೆ ಸೂಚಿಸಿದವಳು ಅವಳೇ. ಆದರೆ ತಂಡಕ್ಕೆ ಅವಳು ಬೇಕಾಗಿದ್ದದ್ದು ದಾರಿಗಲ್ಲ, ಮಾತಿಗೆ.

ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿ ಅವಳನ್ನು ಹಿದಾತ್ಸ ಜನ ಸೆರೆಹಿಡಿದು ಮಿಸೌರಿ ನದಿಯ ಬಳಿಯ ತಮ್ಮ ಹಳ್ಳಿಗೆ ಒಯ್ದಿದ್ದರು. ಅಲ್ಲಿ ಶಾರ್ಬೊನೊ ಎಂಬ ಫ್ರೆಂಚ್ ಮಾತಿನ ವ್ಯಾಪಾರಿಗೆ ಹೆಂಡತಿಯಾದಳು. ಪರ್ವತ ದಾಟಲು ತಂಡಕ್ಕೆ ಕುದುರೆ ಬೇಕು; ಕುದುರೆಗಳಿದ್ದದ್ದು ಶೋಶೋನಿಗಳ ಬಳಿ. ಹೀಗೆ 1805ರ ಏಪ್ರಿಲ್ 7ರಂದು, ಎರಡು ತಿಂಗಳು ತುಂಬದ ಕೂಸಿನೊಂದಿಗೆ ಅವಳೂ ಹೊರಟಳು. ಶೋಶೋನಿ ಮಾತನ್ನು ಅವಳು ಹಿದಾತ್ಸಕ್ಕೆ ತಿರುಗಿಸಬೇಕು, ಗಂಡ ಫ್ರೆಂಚಿಗೆ, ತಂಡದ ಲಬೀಶ್ ಇಂಗ್ಲಿಷಿಗೆ.

ಆಗಸ್ಟ್ 17ರಂದು ಶೋಶೋನಿ ಮುಖಂಡನೊಡನೆ ಮಾತುಕತೆ. ದುಭಾಷಿಯಾಗಿ ಬಂದು ಕುಳಿತವಳು ಎದುರಿಗಿದ್ದ ಕಮಿಯಾವೇಟ್ ತನ್ನ ಅಣ್ಣನೆಂದು ಗುರುತಿಸಿ, ಓಡಿ ಹೋಗಿ ಅವನಿಗೆ ಕಂಬಳಿ ಹೊದಿಸಿ ಅತ್ತಳು. ಮತ್ತೆ ಬಂದು ಕೂತು ಅನುವಾದಕ್ಕೆ ತೊಡಗಿದಳು. ನಡುನಡುವೆ ಅಳು ಒತ್ತರಿಸಿ ಬರುತ್ತಿತ್ತು.

ಈ ದೃಶ್ಯ ಎಲ್ಲರಿಗೂ ಇಷ್ಟ. ಎಂಟು ದಿನಗಳ ನಂತರದ್ದನ್ನು ನೆನೆಯುವವರು ಕಡಿಮೆ. ತಂಡದ ಸಾಮಾನನ್ನು ಘಾಟಿ ದಾಟಿಸುವುದಾಗಿ ಕಮಿಯಾವೇಟ್ ಮಾತು ಕೊಟ್ಟಿದ್ದ. ಅವನ ಜನ ಹಸಿದಿದ್ದರು. ಕೆಲಸ ಅರ್ಧಕ್ಕೇ ಬಿಟ್ಟು ಬೈಸನ್ ಬೇಟೆಗೆ ಹೊರಡಲು ಅವನು ಗುಟ್ಟಾಗಿ ಹೇಳಿಕಳಿಸಿದ. ಹೋಗಿದ್ದರೆ ಹೊರೆ, ಕುದುರೆ ಎರಡೂ ಕೈತಪ್ಪುತ್ತಿದ್ದವು. ಸಕಾಗವಿಯ ಅದನ್ನು ಬೆಳಿಗ್ಗೆಯೇ ಗಂಡನಿಗೆ ತಿಳಿಸಿದಳು. ಆ ಪುಣ್ಯಾತ್ಮ ಲೂಯಿಸ್‌ಗೆ ಹೇಳಿದ್ದು ಮಧ್ಯಾಹ್ನ, ಅದೂ ಮಾತಿನ ನಡುವೆ. ಲೂಯಿಸ್ ಗದರಿದಾಗ ಕಮಿಯಾವೇಟ್ ತಪ್ಪೊಪ್ಪಿಕೊಂಡ. ಜನ ಉಪವಾಸವಿದ್ದದ್ದೇ ಕಾರಣವೆಂದ. ಹಸಿದವರು ಹೊರೆ ಹೊತ್ತರು. ತಂಡ ಸುಮಾರು 30 ಕುದುರೆ ಕೊಂಡು ಮುಂದೆ ಸಾಗಿತು. ಐದು ವರ್ಷದ ಮೇಲೆ ಸಿಕ್ಕ ಅಣ್ಣನ ಗುಟ್ಟು ತಂಡದ ಕಿವಿಗೆ ಬಿದ್ದದ್ದು ತಂಗಿಯ ಬಾಯಿಂದ. ಅಣ್ಣನನ್ನು ಅಲ್ಲೇ ಬಿಟ್ಟು ಅವಳೂ ಪಶ್ಚಿಮಕ್ಕೆ ನಡೆದಳು.

ಯಾತ್ರೆ ಮುಗಿದಾಗ ಶಾರ್ಬೊನೊಗೆ 500 ಡಾಲರ್ 33 ಸೆಂಟ್ ಸಿಕ್ಕಿತು, ಮುಂದೆ 320 ಎಕರೆ ಭೂಮಿಯೂ. ಅವಳಿಗೆ ಏನೂ ಇಲ್ಲ. ಅವಳಿಗೆ ಇನ್ನೂ ಹೆಚ್ಚಿನದು ಸಲ್ಲಬೇಕಿತ್ತೆಂದು ಕ್ಲಾರ್ಕ್ ಪತ್ರ ಬರೆದ, ಅದೂ ಗಂಡನಿಗೆ. 1812ರ ಡಿಸೆಂಬರ್ 20ರಂದು ಮ್ಯಾನ್ಯುಯಲ್ ಕೋಟೆಯ ಗುಮಾಸ್ತನೊಬ್ಬ ಶಾರ್ಬೊನೊನ ಶೋಶೋನಿ ಹೆಂಡತಿ ತೀರಿಕೊಂಡಳೆಂದು ದಾಖಲಿಸಿದ, ಹೆಸರು ಬರೆಯಲಿಲ್ಲ. ಅದು ಇವಳೇ ಎಂದು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ವಿಂಡ್ ರಿವರಿನ ಶೋಶೋನಿಗಳ ಬಾಯಿಮಾತಿನಲ್ಲಿ ಮಾತ್ರ ಅವಳು ತನ್ನವರ ನಡುವೆ 1884ರವರೆಗೂ ಬದುಕಿದ್ದಳು.