ದೆವ್ವ ಹಿಡಿಯುವ ಮೀಟರ್, ಕೈಯಲ್ಲಿ ಶಿಲುಬೆ: ಚರ್ಚ್ ನಿಜಕ್ಕೂ ಏನು ಹೇಳುತ್ತದೆ?

"ಚರ್ಚ್‌ನವರೇ ದೆವ್ವ ಬಿಡಿಸ್ತಾರೆ ಅಂದ್ಮೇಲೆ ದೆವ್ವ ಇದೆ ಅಂತಾನೇ ಅರ್ಥ ಅಲ್ವಾ?" ದಾವಣಗೆರೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಪಾಳುಮನೆ, ಮುಚ್ಚಿದ ಮಿಲ್ಲುಗಳ ‘ಪ್ಯಾರಾನಾರ್ಮಲ್’ ವಿಡಿಯೋ ಓಡಾಡಿದಾಗಲೆಲ್ಲ ಈ ಪ್ರಶ್ನೆ ನಮಗೆ ಬರುತ್ತದೆ. ವಿಡಿಯೋಗಳು ಹೆಚ್ಚುಕಡಿಮೆ ಒಂದೇ ಥರ. ಒಬ್ಬನ ಕೈಯಲ್ಲಿ ಮಿನುಗುವ ಮೀಟರ್, ಇನ್ನೊಬ್ಬನ ಕೈಯಲ್ಲಿ ಶಿಲುಬೆ, ಹಿನ್ನೆಲೆಯಲ್ಲಿ ಕತ್ತಲು.

ಪ್ರಶ್ನೆ ನಮ್ಮೂರಿಗೆ ಹತ್ತಿರದ್ದು. ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲಿ ಆರೋಗ್ಯ ಮಾತೆಯ ದೇವಾಲಯವಿದೆ. 2019ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಸಿಕ್ಕಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಕ್ರೈಸ್ತರಷ್ಟೇ ಅಲ್ಲ, ಎಲ್ಲ ಜಾತಿ-ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಮನೆಯಲ್ಲಿ ಯಾರಿಗಾದರೂ ಕೈಕಾಲು ಸೆಟೆದುಕೊಂಡರೆ, ಒಬ್ಬರೇ ಮಾತಾಡತೊಡಗಿದರೆ, "ಗಾಳಿ ಸೋಕೈತಿ, ಮಾತೆ ಹತ್ರ ಕರ್ಕೊಂಡು ಹೋಗ್ರಿ" ಎಂದು ಹೇಳುವವರು ಅಕ್ಕಪಕ್ಕದಲ್ಲೇ ಇರುತ್ತಾರೆ.

ಹಾಗಾದರೆ ಕ್ರೈಸ್ತ ಧರ್ಮ ದೆವ್ವವನ್ನು ಒಪ್ಪುತ್ತದೆಯೇ? ನಾವು ಹೇಳುವ ದೆವ್ವವನ್ನಲ್ಲ.

ನಮ್ಮ ಕಥೆಗಳ ದೆವ್ವ ಅಂದರೆ ಆಸೆ ತೀರದೆ ಸತ್ತವರ ಆತ್ಮ. ಹುಣಸೆಮರದಲ್ಲೋ ಹಾಳುಬಾವಿಯಲ್ಲೋ ಅಲೆಯುವಂಥದ್ದು. ಬೈಬಲ್‌ನ ಪ್ರಕಾರ ಮನುಷ್ಯ ಸಾಯುವುದು ಒಂದೇ ಸಲ, ಆಮೇಲೆ ಅವನು ನಿಲ್ಲುವುದು ದೇವರ ತೀರ್ಪಿನ ಮುಂದೆ. ನಡುವೆ ಊರೊಳಗೆ ಅಲೆದಾಡುವ ಅವಕಾಶವಿಲ್ಲ. ಕ್ರೈಸ್ತರು ‘ದುಷ್ಟಾತ್ಮ’ ಎನ್ನುವುದು ಬೇರೆಯೇ ಸಂಗತಿ: ಅದು ಸೈತಾನನ ಕಡೆಯದು, ಎಂದೂ ಮನುಷ್ಯನಾಗಿದ್ದದ್ದಲ್ಲ. ಹೀಗಾಗಿ ‘ಮಿಲ್ಲಿನಲ್ಲಿ ಸತ್ತ ಕೂಲಿಯವನ ದೆವ್ವ’ ಎಂಬ ವಿಡಿಯೋಕ್ಕೆ ಶಿಲುಬೆ ಹಿಡಿದರೂ ಚರ್ಚಿನ ಬೆಂಬಲ ಸಿಗದು. ಭಿನ್ನಾಭಿಪ್ರಾಯ ಇಲ್ಲವೆಂದಲ್ಲ. ದೇವರ ಅನುಮತಿಯಿದ್ದರೆ ಸತ್ತವರು ಕಾಣಿಸಿಕೊಳ್ಳಬಹುದು ಎಂದು 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಬರೆದಿದ್ದರು. ಅನೇಕ ಪ್ರಾಟೆಸ್ಟೆಂಟರು ಅದನ್ನೂ ಒಪ್ಪದೆ, ಕಂಡದ್ದು ಸೈತಾನನ ಮೋಸ ಎನ್ನುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ಸತ್ತವರನ್ನು ಕರೆದು ಮಾತಾಡಿಸುವುದು ನಿಷಿದ್ಧ. ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಇದನ್ನು ನೇರವಾಗಿ ನಿಷೇಧಿಸುತ್ತದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2116ನೇ ಪರಿಚ್ಛೇದವೂ ಅಷ್ಟೇ. "ಇಲ್ಲಿ ಯಾರಾದ್ರೂ ಇದ್ದೀರಾ? ಇದ್ರೆ ಲೈಟ್ ಹೊತ್ತಿಸಿ" ಎನ್ನುವ ತಂಡ ಮಾಡುತ್ತಿರುವುದು ಅದನ್ನೇ. ಕುತ್ತಿಗೆಯಲ್ಲಿ ಶಿಲುಬೆ ಇದ್ದ ಮಾತ್ರಕ್ಕೆ ಅದು ಪ್ರಾರ್ಥನೆಯಾಗುವುದಿಲ್ಲ.

ಮತ್ತೆ ಆ ಮೀಟರ್ ಹೊತ್ತಿಕೊಳ್ಳುವುದೇಕೆ? ಅದು ಅಳೆಯುವುದು ವಿದ್ಯುತ್ಕಾಂತೀಯ ಕ್ಷೇತ್ರವನ್ನು. ಗೋಡೆಯೊಳಗಿನ ವೈರು, ಪಕ್ಕದವನ ಜೇಬಿನ ಮೊಬೈಲು, ಯಾವುದಕ್ಕಾದರೂ ಅದು ಮಿನುಗಬಹುದು. ‘ಗೋಸ್ಟ್ ಡಿಟೆಕ್ಟರ್’ ಆ್ಯಪ್‌ಗಳಲ್ಲಿ ಹಲವು ಬಳಸುವುದು ನಿಮ್ಮ ಫೋನಿನ ದಿಕ್ಸೂಚಿ ಸೆನ್ಸರನ್ನು. ಅಂಥ ಆ್ಯಪ್ ತೆರೆದು ಫೋನನ್ನು ಸ್ಪೀಕರ್ ಹತ್ತಿರ ಹಿಡಿದು ನೋಡಿ. ಅದರ ಅಯಸ್ಕಾಂತಕ್ಕೇ ‘ದೆವ್ವ’ ಬರುತ್ತದೆ. ಫೋಟೋದಲ್ಲಿ ತೇಲುವ ಬಿಳಿ ಗುಂಡುಗಳು ಬಹುತೇಕ ಫ್ಲ್ಯಾಶಿಗೆ ಸಿಕ್ಕ ಧೂಳು. ರಾತ್ರಿ ಎಚ್ಚರವಾದರೂ ಮೈ ಅಲುಗದೆ, ಎದೆ ಮೇಲೆ ಯಾರೋ ಕೂತಂತಾಗುವುದಕ್ಕೆ ನಿದ್ರಾ ಪಾರ್ಶ್ವವಾಯು ಎನ್ನುತ್ತಾರೆ. ಮಿದುಳು ಎಚ್ಚೆತ್ತರೂ ಕನಸಿನ ಹೊತ್ತಿನಲ್ಲಿ ಸಡಿಲವಾಗಿದ್ದ ಸ್ನಾಯುಗಳು ಇನ್ನೂ ಎಚ್ಚೆತ್ತಿರುವುದಿಲ್ಲ, ಅಷ್ಟೇ.

ವಿಡಿಯೋ ನೋಡಿ ನಕ್ಕು ಮುಂದೆ ಹೋದರೆ ನಷ್ಟವೇನಿಲ್ಲ. ಅಪಾಯವಿರುವುದು ದೆವ್ವ ಬಿಡಿಸುವ ಮಾತಿನಲ್ಲಿ.

ಕಥೋಲಿಕ ಚರ್ಚಿನಲ್ಲಿ ಭೂತೋಚ್ಚಾಟನೆ ಎಂಬ ವಿಧಿ ಇದೆ, ನಿಜ. ಆದರೆ ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿ ಇಲ್ಲದೆ ಯಾವ ಫಾದರೂ ಅದನ್ನು ನಡೆಸುವಂತಿಲ್ಲ. ಯಾರಿಗೋ ದೆವ್ವ ಹಿಡಿದಿದೆ ಎಂದು ಸುಲಭವಾಗಿ ನಂಬಬೇಡಿ ಎಂದು 1614ರ ವಿಧಿಗ್ರಂಥವೇ ಎಚ್ಚರಿಸಿತ್ತು. ಇದು ಕಾಯಿಲೆಯಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು, ಕಾಯಿಲೆಯಾದರೆ ಅದು ವೈದ್ಯರ ಕೆಲಸ ಎನ್ನುತ್ತದೆ ಇಂದಿನ ನಿಯಮ. ಫಾರ್ವರ್ಡ್‌ಗಳಲ್ಲಿ ಈ ಸಾಲು ಇರುವುದೇ ಇಲ್ಲ! ಕೆಲವು ಪೆಂಟೆಕೋಸ್ಟ್ ಸಭೆಗಳಲ್ಲಿ ‘ಬಿಡುಗಡೆ ಪ್ರಾರ್ಥನೆ’ ನಡೆಯುತ್ತದೆ. ಅಲ್ಲಿ ಧರ್ಮಾಧ್ಯಕ್ಷರ ಅನುಮತಿಯಂಥ ಕಟ್ಟು ಇರುವುದಿಲ್ಲ.

ಅನುಮತಿ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಜರ್ಮನಿಯ ಆನೆಲೀಸ್ ಮಿಷೆಲ್ ಎಂಬ ಯುವತಿ ವರ್ಷಗಟ್ಟಲೆ ಮೂರ್ಛೆರೋಗಕ್ಕೆ ಮಾತ್ರೆ ತೆಗೆದುಕೊಂಡಿದ್ದಳು. ಧರ್ಮಾಧ್ಯಕ್ಷರ ಒಪ್ಪಿಗೆಯೊಂದಿಗೇ ಸುಮಾರು ಹತ್ತು ತಿಂಗಳಲ್ಲಿ 67 ಸಲ ಅವಳಿಗೆ ಭೂತೋಚ್ಚಾಟನೆ ನಡೆಯಿತು. ಊಟ ಬಿಟ್ಟಳು. 1976ರ ಜುಲೈ 1ರಂದು, 23ನೇ ವಯಸ್ಸಿನಲ್ಲಿ ಸತ್ತಾಗ ತೂಕ ಸುಮಾರು 30 ಕಿಲೋ. ತಂದೆತಾಯಿ ಮತ್ತು ಇಬ್ಬರು ಪಾದ್ರಿಗಳು ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು 1978ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅವಳ ಕಥೆ ಆಧರಿಸಿದ ಸಿನಿಮಾದ ತುಣುಕುಗಳನ್ನು ‘ನಿಜವಾದ ದೆವ್ವ’ ಎಂದು ಹಂಚುವವರು ಮೂರ್ಛೆರೋಗದ ಸುದ್ದಿ ಎತ್ತುವುದಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಕಾನೂನೂ ಇದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಗ್ಗ-ಸರಪಳಿಯಿಂದ ಕಟ್ಟುವುದು 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಶಿಕ್ಷೆ 1ರಿಂದ 7 ವರ್ಷ ಜೈಲು, ಜೊತೆಗೆ ದಂಡ. ದೇವಸ್ಥಾನ, ಚರ್ಚು, ದರ್ಗಾದಲ್ಲಿ ಸುಮ್ಮನೆ ಪ್ರಾರ್ಥಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರೆ ಅದು ನಿಲ್ಲುವುದಿಲ್ಲ. ಐದು ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರಿಯಾದ ಚಿಕಿತ್ಸೆ ಸಿಕ್ಕರೆ ಮೂರ್ಛೆರೋಗವಿರುವ ಪ್ರತಿ 100 ಜನರಲ್ಲಿ 70 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳುವುದು, ವಿನಾಕಾರಣ ಭಯ, ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಇಂಥವಕ್ಕೆ ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಹರಕೆ ಹೊತ್ತಿದ್ದರೆ ಹರಿಹರಕ್ಕೂ ಹೋಗಿ ಬನ್ನಿ, ಆ ದಿನದ ಮಾತ್ರೆ ಮಾತ್ರ ತಪ್ಪಿಸಬೇಡಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.