ಮದರ್‌ಬೋರ್ಡ್ ಹೊಂದಾಣಿಕೆ
ಡೆಸ್ಕ್‌ಟಾಪ್ ಕಂಪ್ಯೂಟರನ್ನು ಬಿಡಿಭಾಗಗಳಿಂದ ಜೋಡಿಸುವಾಗ ಪ್ರೊಸೆಸರ್, ರ್‍ಯಾಮ್, ಕ್ಯಾಬಿನೆಟ್ ಹಾಗೂ ಪವರ್ ಸಪ್ಲೈಗೆ ಒಪ್ಪುವ ಮದರ್‌ಬೋರ್ಡನ್ನು ಆರಿಸುವ ಕ್ರಮ. ಇಂದು ಬಳಕೆಯಲ್ಲಿರುವ ಆಕಾರಮಾನಗಳಲ್ಲಿ (ಫಾರ್ಮ್ ಫ್ಯಾಕ್ಟರ್) ಒಂದಾದ ಎಟಿಎಕ್ಸ್ ಅನ್ನು ಇಂಟೆಲ್ 1995ರಲ್ಲಿ ರೂಪಿಸಿತು. ಇದರ ಅಳತೆ 305×244 ಮಿ.ಮೀ.; ಮೈಕ್ರೊ ಎಟಿಎಕ್ಸ್ ಗರಿಷ್ಠ 244×244, ಮಿನಿ ಐಟಿಎಕ್ಸ್ 170×170 ಮಿ.ಮೀ.

ಆಯ್ಕೆ ಪ್ರೊಸೆಸರ್ ಕೂರುವ ಸಾಕೆಟ್‌ನಿಂದ ಮೊದಲಾಗುತ್ತದೆ. ಇಂಟೆಲ್ ಕೋರ್ 12ರಿಂದ 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಲ್‌ಜಿಎ 1700, ಎಎಂಡಿಯ ರೈಜೆನ್ 7000 ಸರಣಿಗೆ 2022ರಲ್ಲಿ ಬಂದ ಎಎಂ5 ಬೇಕು. ಸಾಕೆಟ್ ಹೊಂದಿದ ಮಾತ್ರಕ್ಕೆ ಸಾಲದು: ಇಂಟೆಲ್‌ನ 600 ಸರಣಿಯ ಚಿಪ್‌ಸೆಟ್ ಇರುವ ಹಳೆಯ ದಾಸ್ತಾನಿನ ಬೋರ್ಡು ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ನವೀಕರಿಸದೆ 13ನೆಯ ಪೀಳಿಗೆಯ ಪ್ರೊಸೆಸರನ್ನು ಗುರುತಿಸದಿರಬಹುದು. ಎಲ್ಲಕ್ಕಿಂತ ವಿಶ್ವಾಸಾರ್ಹವಾದುದು ಬೋರ್ಡಿನ ತಯಾರಕರು ಪ್ರಕಟಿಸುವ ಪ್ರೊಸೆಸರ್ ಪಟ್ಟಿ. ಕರ್ನಾಟಕದಲ್ಲಿ ಬಿಡಿಭಾಗಗಳ ಹೆಸರಾಂತ ಪೇಟೆ ಬೆಂಗಳೂರಿನ ಎಸ್.ಪಿ. ರಸ್ತೆ; ಅಲ್ಲಿಂದ ಬೆಳಗಾವಿ ಜಿಲ್ಲೆಯ ಕಟಕೋಳದಂಥ ದೂರದ ಊರಿಗೆ ತರಿಸಿದ ಬೋರ್ಡು ಹೊಂದದಿದ್ದರೆ ಬದಲಿಸಲು ಸಮಯವೂ ಸಾಗಣೆ ವೆಚ್ಚವೂ ತಗಲುವುದರಿಂದ ಈ ಪಟ್ಟಿಯ ಪರಿಶೀಲನೆ ಅಂಥ ಊರುಗಳಲ್ಲಿ ಇನ್ನಷ್ಟು ಅಗತ್ಯ.

ಡಿಡಿಆರ್4, ಡಿಡಿಆರ್5 ರ್‍ಯಾಮ್‌ಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ. ಎಎಂ5 ಡಿಡಿಆರ್5 ಅನ್ನು ಮಾತ್ರ ಸ್ವೀಕರಿಸುತ್ತದೆ. ವಿದ್ಯುತ್ತಿಗೆ 24 ಪಿನ್ನಿನ ಮುಖ್ಯ ಕನೆಕ್ಟರ್ ಹಾಗೂ ಪ್ರೊಸೆಸರ್‌ಗೆಂದು ಸಾಮಾನ್ಯವಾಗಿ 8 ಪಿನ್ನಿನದು ಇರುತ್ತವೆ.