ದೋಣಿ ಕಟ್ಟಿದ ಮುದುಕಿ

ನಮ್ಮ ಕಡೆ ಮಳೆ ಬಾರದಿದ್ದರೂ ಕಿಗ್ಗ, ಬಂದದ್ದು ನಿಲ್ಲದಿದ್ದರೂ ಕಿಗ್ಗ. ಕೊಪ್ಪ, ಎನ್.ಆರ್.ಪುರದ ಅಡಿಕೆಯವರೂ ಅಲ್ಲಿನ ಋಷ್ಯಶೃಂಗೇಶ್ವರನಿಗೇ ಹೇಳಿಕೊಳ್ಳುವುದು. ನಾನು ಮೊದಲು ಅಲ್ಲಿಗೆ ಹೋದದ್ದು ಪುಷ್ಯ ಮಳೆ ಹಿಡಿದು ಬಿಡದ ಒಂದು ವರ್ಷ. ತೋಟದಲ್ಲಿ ಕೊಳೆ ಬಿದ್ದು ಹಸಿ ಅಡಿಕೆ ಮರದ ಬುಡದಲ್ಲಿ ಹಾಸಿಕೊಂಡಿತ್ತು. ಅಪ್ಪಯ್ಯ ಕೊಡೆ ಮಡಿಸಿ ಕಂಬಕ್ಕೆ ಒರಗಿಸಿ, ಸಾಲ ಕೇಳುವವರ ದನಿಯಲ್ಲಿ, "ಸಾಕು ಮಾರಾಯ" ಎಂದರು.

ಮೊನ್ನೆ ಸ್ಪೈಡರ್‌ಮ್ಯಾನ್ ಅಂಗಿ ತೊಟ್ಟ ಮೊಮ್ಮಗ ಕೇಳಿದ: "ಅಜ್ಜಯ್ಯ, ಋಷ್ಯಶೃಂಗನಿಗೆ ಏನು ಪವರ್?" ಕಾಲಿಟ್ಟಲ್ಲಿ ಮಳೆ ಎಂದೆ. ಅವನಿಗೆ ಸಮಾಧಾನವಾಯಿತು, ನನಗಾಗಲಿಲ್ಲ. ಆ ಕತೆಯಲ್ಲಿ ಗೆದ್ದವಳು ಬೇರೆಯವಳು.

ಮಹಾಭಾರತದ ವನಪರ್ವದಲ್ಲಿ ಅವಳಿದ್ದಾಳೆ. ಅಂಗದೇಶದಲ್ಲಿ ಬರ. ಹೆಣ್ಣನ್ನೇ ಕಾಣದ ಋಷ್ಯಶೃಂಗ ಬಂದರೆ ಮಳೆ; ಕರೆತರಲು ಹೋದವರಿಗೆ ಅವನಪ್ಪ ವಿಭಾಂಡಕನ ಶಾಪದ ಭಯ. ವೇಶ್ಯೆಯರೆಲ್ಲ ಹಿಂಜರಿದಾಗ ಒಬ್ಬ ಮುದುಕಿ ಒಪ್ಪಿದಳು. ದೋಣಿಯ ಮೇಲೊಂದು ಆಶ್ರಮ ಕಟ್ಟಿಸಿದಳು, ಹೂವು ಹಣ್ಣಿನ ಕೃತಕ ಮರಗಳ ಸಮೇತ. ಮುನಿ ಯಾವ ಹೊತ್ತಿಗೆ ಹೊರಗೆ ಹೋಗುತ್ತಾನೆಂದು ಮೊದಲು ಬೇಹು ನಡೆಸಿ, ಆಮೇಲೆ ಮಗಳನ್ನು ಕಳಿಸಿದಳು. ಹುಡುಗ ಅವಳನ್ನು ಬ್ರಹ್ಮಚಾರಿ ಅಂದುಕೊಂಡ! ಮತ್ತೊಂದು ದಿನ ಅವನು ದೋಣಿ ಹತ್ತಿದ್ದೇ ತಡ, ಹಗ್ಗ ಬಿಚ್ಚಿದರು.

ರಾಜ ಲೋಮಪಾದನದೂ ಸಣ್ಣ ತಲೆಯಲ್ಲ. ಸಿಟ್ಟಿನಿಂದ ಬರುವ ವಿಭಾಂಡಕನ ದಾರಿಯುದ್ದಕ್ಕೂ ದನ, ಗೋವಳರು, ಉಳುವವರನ್ನು ನಿಲ್ಲಿಸಿದ. ಹಸಿದು ಬಂದವನಿಗೆ ಉಪಚಾರ. ಇದೆಲ್ಲ ಯಾರದಪ್ಪ ಎಂದರೆ, ನಿಮ್ಮ ಮಗನದೇ ಸ್ವಾಮಿ! ಊರು ಮುಟ್ಟುವಷ್ಟರಲ್ಲಿ ಶಾಪ ಆರಿಹೋಗಿತ್ತು.

ವಿಭಾಂಡಕ ಶೃಂಗೇರಿ ಪೇಟೆಯ ಗುಡ್ಡದಲ್ಲಿ ಮಲಹಾನಿಕರೇಶ್ವರನ ಲಿಂಗದಲ್ಲಿ ಐಕ್ಯನಾದನಂತೆ. ಮಗ ಹತ್ತು ಕಿಲೋಮೀಟರ್ ಆಚೆ ಕಿಗ್ಗದಲ್ಲಿ. ಮುದುಕಿಗೆ ಮಾತ್ರ ಗುಡಿಯಿಲ್ಲ. ಕತೆಯಲ್ಲಿ ಹೆಸರೂ ಇಲ್ಲ.

ಯುಕ್ತಿಯಲ್ಲಿ ಅವಳ ವಂಶದವರು ನಮ್ಮ ತೋಟದಲ್ಲಿದ್ದಾರೆ ಅಂತ ನನ್ನ ಎಣಿಕೆ. ಕೊಳೆಗೆ ಔಷಧಿ ಇಲ್ಲದ ಕಾಲದಲ್ಲಿ ಮರ ಹತ್ತಿ ಪ್ರತಿ ಕೊನೆಗೂ ಕೊಟ್ಟೆ ಕಟ್ಟುತ್ತಿದ್ದರು: ಅಡಿಕೆಗೊಂದು ಗೊರಬು ಹೊದಿಸಿದ ಹಾಗೆ. ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್‌ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದರು. ಫ್ರಾನ್ಸಿನ ದ್ರಾಕ್ಷಿತೋಟದ ಬೋರ್ಡೋ ದ್ರಾವಣ ನಮ್ಮ ಅಡಿಕೆಗೆ ಹತ್ತಿದ್ದು ಅವರ ಕಾಲದಲ್ಲೇ. ಮಳೆಗೆ ತೊಳೆದುಹೋಗದಿರಲು ಅದಕ್ಕೆ ರಾಳದ ಅಂಟು.

ಕಿಗ್ಗದಿಂದ ಬಂದ ಸಂಜೆಯೇ ಅಪ್ಪಯ್ಯ ಮೈಲುತುತ್ತ ನೆನೆಹಾಕಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ, ಸುಣ್ಣವೂ ಅಷ್ಟೇ. ಬೆಳಗ್ಗೆ ಎರಡನ್ನೂ ಕೂಡಿಸಿ, ತಿಕ್ಕಿ ಬೆಳಗಿದ ಕತ್ತಿ ಅದ್ದಿ ಎತ್ತಿದರು. ಅಲಗು ಕೆಂಪಗಾಗಿತ್ತು. "ಸುಣ್ಣ ಸಾಲದು" ಎಂದು ಇನ್ನೊಂದು ಚೊಂಬು ಸುರಿದರು. ಎರಡನೆಯ ಸಲ ಕತ್ತಿ ಬೆಳ್ಳಗೇ ಬಂತು.

ಮಧ್ಯಾಹ್ನ ಒಂದು ಹೊಳವು ಸಿಕ್ಕಿತು. ಕೊನೆಗಾರ ಕೆಳಗಿನ ತೋಟ ಮುಗಿಸಿದ, ಮೇಲಿನದು ಬಾಕಿ ಉಳಿಯಿತು.